ಬಿಳಿ ಪಟ್ಟಿ ಹೋದ್ರ ಪೇಟಿ ಹೋದಂಗಲ್ಲ

ಹಳೆ ಹಾರ್ಮೋನಿಯಂಗೆ ಹೊಸ ಹೊದಿಕೆ: ಗಡಿ ಭಾಗದ ಭಜನಾ ಮಂಡಳಿಗಳಿಗೆ ಉಪಯೋಗವಾಗುವ ಕಸುಬು

ಅಕ್ಕಲಕೋಟ: ಗುಡಿಯ ಮೂಲೆಯಲ್ಲಿ ಒಂದು ಪೇಟಿ. ಮೇಲೆ ಹಳೆ ಚಾದರು. ಚಾದರು ತೆಗೆದು ನೋಡಿದರೆ ಮುಂದಿನ ಬಿಳಿ ಪಟ್ಟಿಗಳಲ್ಲಿ ಒಂಬತ್ತಕ್ಕೆ ಬಿಳಿಯೇ ಇಲ್ಲ, ಬರೀ ಕಟ್ಟಿಗೆ. ಉಳಿದವು ಅರಿಷಿಣದ ಬಣ್ಣಕ್ಕೆ ತಿರುಗಿವೆ. ಎರಡಕ್ಕೆ ಯಾರೋ ಕಾರ್ಡ್‌ಬೋರ್ಡ್ ಕತ್ತರಿಸಿ ಅಂಟಿಸಿದ್ದಾರೆ. ಒಂದಕ್ಕೆ ಕ್ಷಣದಲ್ಲಿ ಹಿಡಿಯುವ ಅಂಟು ಸುರಿದು, ಅದು ಪಕ್ಕದ ಪಟ್ಟಿಗೂ ಹತ್ತಿ, ಒಂದು ಒತ್ತಿದರೆ ಎರಡು ಕೂಗುತ್ತವೆ.

ಅಕ್ಕಲಕೋಟ, ದಕ್ಷಿಣ ಸೋಲಾಪುರ, ಮಂಗಳವೇಢೆ, ಜತ್ತ ಭಾಗದ ಹಳ್ಳಿಗಳಲ್ಲಿ ಇಂಥ ಪೇಟಿ ಹೊಸದೇನಲ್ಲ. ಸೋಮವಾರದ ಭಜನೆ, ಶ್ರಾವಣದ ಪುರಾಣ, ಸಪ್ತಾಹ, ಊರ ಜಾತ್ರೆಯ ನಾಟಕ ಎಲ್ಲದಕ್ಕೂ ಅದೇ ಪೇಟಿ. ಒಂದು ಕಡೆ ಶರೀಫಜ್ಜನ ತತ್ವಪದ, ಇನ್ನೊಂದು ಕಡೆ ತುಕಾರಾಮರ ಅಭಂಗ. ಪೇಟಿಗೆ ಭಾಷೆಯ ಗಡಿ ಇಲ್ಲ. ಆದರೆ ಪಟ್ಟಿಯ ಬಿಳಿ ಉದುರಿತೆಂದರೆ ಮಂಡಳಿಯಲ್ಲಿ ಮಾತು ಶುರುವಾಗುತ್ತದೆ.

"ಇದ್ರ ಆಯುಷ್ಯ ಮುಗೀತು ಬಿಡ್ರಿ, ಗುಜರಿಗೆ ಹಾಕಿ ಹೊಸಾದು ತರೂಣು" ಎನ್ನುತ್ತಾರೆ ಹುಡುಗರು. "ಅಲ್ಲೋ ತಮ್ಮಾ, ದನಿ ಚಲೋ ಅದಲ್ಲೋ" ಎನ್ನುತ್ತಾರೆ ಹಿರಿಯರು. ಈ ಒಂಬತ್ತು ಪಟ್ಟಿ ಬೋಳಾದ ಪೇಟಿಯ ಊರಲ್ಲೂ ಅದೇ ಜಗಳ. ಅಲ್ಲಿ ಪೇಟಿ ಬಾರಿಸುವ ಅಜ್ಜನಿಗೆ ಕಣ್ಣು ಮಂದ. ಬೆರಳಿನ ತುದಿಯಿಂದಲೇ ಪಟ್ಟಿ ಗುರುತಿಸಿ ಅವರು ಬಾರಿಸುವುದು. ನುಣುಪು ಹೋಗಿ ಬರೀ ಕಟ್ಟಿಗೆ ತಾಗಿದಲ್ಲೆಲ್ಲ ಅವರ ಕೈ ಒಂದು ಗಳಿಗೆ ನಿಲ್ಲುತ್ತದೆ, ಭಜನೆಯೂ ನಿಲ್ಲುತ್ತದೆ. ಹೊಸ ಪೇಟಿ ತಂದರೆ ಅದರ ಪಟ್ಟಿಯ ಅಗಲ, ಒತ್ತುವ ಬಿಗಿ ಎಲ್ಲ ಬೇರೆ. ಈ ವಯಸ್ಸಿನಲ್ಲಿ ಕೈ ಹೊಸದಾಗಿ ಕಲಿಯುವುದು ಆಗದ ಮಾತು. ಪೇಟಿ ಗುಜರಿಗೆ ಹೋದರೆ ಅಜ್ಜನ ಭಜನೆಯೂ ಅದರ ಜೊತೆಗೇ ಹೋದಂತೆ.

ಕೊನೆಗೆ ಪೇಟಿ ಮೋಟರ್‌ಸೈಕಲ್ ಮೇಲೆ ಹಗ್ಗ ಕಟ್ಟಿಸಿಕೊಂಡು ರಿಪೇರಿ ಮಿಸ್ತ್ರಿಯ ಅಂಗಡಿಗೆ ಬಂತು.

ಮೊದಲು ಒಳಗ ನೋಡ್ರಿ

ಮಿಸ್ತ್ರಿ ಬಿಳಿ ಪಟ್ಟಿಯ ಕಡೆ ನೋಡಲೇ ಇಲ್ಲ. ಮೊದಲು ಭಾತಾ (ತಿದಿ) ತುಂಬಿ, ಯಾವ ಪಟ್ಟಿಯನ್ನೂ ಒತ್ತದೆ ಸುಮ್ಮನೆ ಕುಳಿತರು. ಗಾಳಿ ತಾನಾಗಿಯೇ ಬೇಗ ಇಳಿದರೆ ಎಲ್ಲೋ ಸೋರುತ್ತಿದೆ ಎಂದು ಅರ್ಥ. ಇಲ್ಲಿ ನಿಧಾನಕ್ಕೆ ಇಳಿಯಿತು. ಆಮೇಲೆ ಒಂದೊಂದೇ ಪಟ್ಟಿ ಒತ್ತಿ ಕಿವಿಗೊಟ್ಟರು. ಮೂರು ಸಪ್ತಕದ ಪೇಟಿ ಅಂದರೆ 37 ಪಟ್ಟಿ: 22 ಬಿಳಿ, 15 ಕರಿ. ಡಬಲ್ ರೀಡಿನದಾದ್ದರಿಂದ ಒಳಗೆ 74 ಹಿತ್ತಾಳೆ ನಾಲಿಗೆಗಳು. ಎರಡರಲ್ಲಿ ಧೂಳು ಕೂತಿತ್ತು, ಉಳಿದವು ಗಟ್ಟಿಯಾಗಿದ್ದವು.

"ಸುರ ಬಂಗಾರದಂಗ ಅದಾವ. ಮ್ಯಾಲಿನ ಅರಿವಿ ಹರದದ ಅಂತ ಮನಷ್ಯಾನ್ನ ಒಗೀತೀರೇನ್ರಿ ಮಾವಾ?" ಎಂದರು ಮಿಸ್ತ್ರಿ.

ಪೇಟಿಯ ಜೀವ ರೀಡಿನಲ್ಲಿದೆ. ಹಿತ್ತಾಳೆಯ ತೆಳು ನಾಲಿಗೆ ಗಾಳಿಗೆ ನಡುಗಿದಾಗ ಹುಟ್ಟುವುದೇ ಸ್ವರ. ಚೆನ್ನಾಗಿ ಇಟ್ಟುಕೊಂಡರೆ ಅದು ಹಲವು ದಶಕ ಬಾಳುತ್ತದೆ. ಬಿಳಿ ಹೊದಿಕೆಯ ಬಾಳಿಕೆ ಅಷ್ಟಿಲ್ಲ. ದಿನಾ ಬೆರಳು, ಬೆವರು, ಕುಂಕುಮ, ಭಂಡಾರ ಎಲ್ಲವೂ ಬೀಳುವುದು ಅದರ ಮೇಲೆಯೇ. ಸವೆಯುವುದೂ ಅದೇ. ಹೊದಿಕೆ ನೋಡಿ ಪೇಟಿಯ ಬೆಲೆ ಕಟ್ಟಿದರೆ ಒಳ್ಳೆಯ ರೀಡು ಗುಜರಿಯವನ ತಕ್ಕಡಿಗೆ ಹೋಗುತ್ತದೆ.

ವಿಲಾಯತಿಯಿಂದ ಬಂದು ನಮ್ಮದಾದ ಪೇಟಿ

ಹಾರ್ಮೋನಿಯಂ ಹುಟ್ಟಿದ್ದು ಫ್ರಾನ್ಸಿನಲ್ಲಿ. ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೆ 1840ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಅದು ಕಾಲಿನಿಂದ ತುಳಿಯುವ ದೊಡ್ಡ ವಾದ್ಯ. ನೆಲದ ಮೇಲೆ ಕುಳಿತು ಒಂದು ಕೈಯಲ್ಲಿ ಗಾಳಿ ಹಾಕಿ ಇನ್ನೊಂದು ಕೈಯಲ್ಲಿ ಬಾರಿಸುವ ರೂಪ ಬಂದದ್ದು 19ನೇ ಶತಮಾನದ ಕೊನೆಯ ಭಾಗದಲ್ಲಿ, ಕೋಲ್ಕತ್ತದಲ್ಲಿ. ಅಲ್ಲಿನ ದ್ವಾರಕಾನಾಥ ಘೋಷರ ಹೆಸರು ಅದಕ್ಕೆ ಅಂಟಿಕೊಂಡಿದೆ. ಅವರ ದ್ವಾರ್ಕಿನ್ ಕಂಪನಿ ಶುರುವಾದದ್ದು 1875ರಲ್ಲಿ.

ಮರಾಠಿ ಸಂಗೀತ ನಾಟಕ, ಕನ್ನಡದ ಕಂಪನಿ ನಾಟಕ ಎರಡರಲ್ಲೂ ಕಾಲ್ಪೇಟಿ ಮೆರೆಯಿತು. ಕೊಲ್ಹಾಪುರದ ಗೋವಿಂದರಾವ ಟೆಂಬೆ (1881-1955), ಬೆಳಗಾವಿಯ ಪಂಡಿತ ರಾಮಭಾವು ವಿಜಾಪುರೆ (1917-2010) ಪೇಟಿಯಿಂದಲೇ ಹೆಸರಾದವರು. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳು (1914-2010) ನುಡಿಸುತ್ತಿದ್ದ ಹಲವು ವಾದ್ಯಗಳಲ್ಲಿ ಪೇಟಿಯೂ ಒಂದು. ಅವರಿಗೂ ಕಣ್ಣಿರಲಿಲ್ಲ, ಬೆರಳೇ ಕಣ್ಣು.

ಪೇಟಿಗೆ ಅವಮಾನವೂ ಹೊಸದಲ್ಲ. ನಮ್ಮ ರಾಗದ ಗಮಕ, ಮೀಂಡ ಅದರಲ್ಲಿ ಬರುವುದಿಲ್ಲ ಎಂದು 1940ರಲ್ಲಿ ಆಕಾಶವಾಣಿ ಅದನ್ನು ಹೊರಗಿಟ್ಟಿತು. ಆ ನಿಷೇಧ ಸಡಿಲವಾದದ್ದು 1971ರಲ್ಲಿ. ಅಷ್ಟು ವರ್ಷವೂ ಹಳ್ಳಿಯ ಗುಡಿಯಲ್ಲಿ ಪೇಟಿಯನ್ನು ಯಾರೂ ಹೊರಗೆ ಹಾಕಲಿಲ್ಲ.

ಬಿಳಿ ಯಾವುದು? ದಂತವೋ, ಪ್ಲಾಸ್ಟಿಕ್ಕೋ?

ಹೊದಿಕೆ ಬದಲಿಸುವ ಮೊದಲು ತಿಳಿಯಬೇಕಾದದ್ದು ಹಳೆ ಹೊದಿಕೆ ಯಾವುದರದ್ದು ಎಂಬುದು. ಇದನ್ನು ತಿಳಿಯದೆ ಕೈ ಹಾಕಿದರೆ ಒಂದೋ ಬೆಂಕಿ, ಇಲ್ಲವೇ ಕಾನೂನು.

ಈ ಪಟ್ಟಿಗಳ ಪದ್ಧತಿ ಪೇಟಿಗೆ ಬಂದದ್ದು ಪಿಯಾನೋ, ಆರ್ಗನ್ನಿನ ಮನೆತನದಿಂದ. ಪಿಯಾನೋಕ್ಕೆ 88 ಪಟ್ಟಿ: 52 ಬಿಳಿ, 36 ಕರಿ. ಹಿಂದಿನ ಕಾಲದ ಒಳ್ಳೆಯ ಪಿಯಾನೋಗಳ ಬಿಳಿ ಪಟ್ಟಿಗೆ ಆನೆದಂತದ ತೆಳು ಹಾಳೆ ಹಾಕುತ್ತಿದ್ದರು. ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ಈ ಕೆಲಸಕ್ಕಾಗಿಯೇ ಬೆಳೆದ ಒಂದು ಊರಿಗೆ 'ಐವರಿಟನ್' ಎಂದೇ ಹೆಸರು, ಅಂದರೆ ದಂತದೂರು. ಆಫ್ರಿಕದ ದಂತ ಜಂಜಿಬಾರ್ ಬಂದರಿನಿಂದ ಹಡಗು ಹತ್ತಿ ಅಲ್ಲಿಗೆ ಹೋಗುತ್ತಿತ್ತು. ಕತ್ತರಿಸಿದ ಹಾಳೆಗಳನ್ನು ಬೆಳ್ಳಗಾಗಲೆಂದು ಗಾಜಿನ ಮನೆಗಳಲ್ಲಿ ಬಿಸಿಲಿಗೆ ಇಡುತ್ತಿದ್ದರು. ಒಂದು ನುಣುಪು ಪಟ್ಟಿಯ ಹಿಂದೆ ಎಷ್ಟು ಆನೆಗಳ ಜೀವ ಇತ್ತೆಂಬುದನ್ನು ಆಗ ಕೇಳಿದವರು ಕಡಿಮೆ.

ದಂತ ತುಟ್ಟಿಯಾದಂತೆ ಬದಲಿಗೆ ಬಂದದ್ದು ಸೆಲ್ಯುಲಾಯ್ಡ್. ಅಮೆರಿಕದ ಜಾನ್ ವೆಸ್ಲಿ ಹಯಟ್ 1870ರ ಆಸುಪಾಸಿನಲ್ಲಿ ಅದನ್ನು ರೂಢಿಗೆ ತಂದರು. ಬಿಲಿಯರ್ಡ್ಸ್ ಚೆಂಡಿಗೆ ದಂತದ ಬದಲು ಏನು ಹಾಕುವುದು ಎಂಬ ಹುಡುಕಾಟದಿಂದ ಹುಟ್ಟಿದ ವಸ್ತು ಅದು. ನೈಟ್ರೋಸೆಲ್ಯುಲೋಸಿಗೆ ಕರ್ಪೂರ ಬೆರೆಸಿ ಮಾಡುವುದು. ಹಳೆಯ ಪೇಟಿಗಳ ಹಳದಿ ತಿರುಗಿದ ತೆಳು ಹಾಳೆ ಬಹುಮಟ್ಟಿಗೆ ಇದೇ. ಆಮೇಲಿನ ಪೇಟಿಗಳಿಗೆ ಬೇರೆ ಬೇರೆ ಪ್ಲಾಸ್ಟಿಕ್, ಅಕ್ರಿಲಿಕ್ ಬಂದವು.

ಗುರುತು ಹಿಡಿಯುವುದು ಹೀಗೆ:

ದಂತವಾದರೆ, ಪಕ್ಕದಿಂದ ಬೆಳಕು ಬಿಟ್ಟು ನೋಡಿದಾಗ ಕಟ್ಟಿಗೆಯ ಎಳೆಯಂತೆ ಸಣ್ಣ ಗೆರೆ ಕಾಣುತ್ತವೆ, ಒಂದರಂತೆ ಇನ್ನೊಂದಿರುವುದಿಲ್ಲ. ಪಿಯಾನೋದಲ್ಲಾದರೆ ಮುಂದಿನ ಅಗಲ ಭಾಗ, ಕರಿ ಪಟ್ಟಿಗಳ ನಡುವಿನ ಸಣ್ಣ ಭಾಗ ಬೇರೆ ಬೇರೆ ತುಂಡಾಗಿದ್ದು ನಡುವೆ ಕೂದಲೆಳೆಯಷ್ಟು ಜೋಡು ಕಾಣುತ್ತದೆ.

ಸೆಲ್ಯುಲಾಯ್ಡ್ ಆದರೆ, ಗೆರೆ ಇದ್ದರೂ ಅಚ್ಚು ಹಾಕಿದಂತೆ ಎಲ್ಲ ಒಂದೇ ನಮೂನಿ ಇರುತ್ತವೆ. ಅರಿವೆಯಿಂದ ಜೋರಾಗಿ ತಿಕ್ಕಿ ಮೂಸಿದರೆ ಕರ್ಪೂರದ ವಾಸನೆ ಬರುವುದುಂಟು.

ಬೇರೆ ಪ್ಲಾಸ್ಟಿಕ್ ಆದರೆ ಗೆರೆ ಇಲ್ಲ, ವಾಸನೆ ಇಲ್ಲ, ಸಾಮಾನ್ಯವಾಗಿ ಹಾಳೆಯೂ ದಪ್ಪ.

ಕಾದ ಸೂಜಿ ಚುಚ್ಚಿ ನೋಡುವ ಅಭ್ಯಾಸ ಕೆಲವರಿಗಿದೆ. ಅದು ಬೇಡವೇ ಬೇಡ. ಸೆಲ್ಯುಲಾಯ್ಡ್ ಭಗ್ಗನೆ ಹೊತ್ತಿಕೊಳ್ಳುವ ವಸ್ತು. ಪೇಟಿಯ ಮುಂದೆ ಊದುಬತ್ತಿ, ಕರ್ಪೂರದಾರತಿ ಹಚ್ಚುವ ಮಂಡಳಿಗಳೂ ಇದನ್ನು ನೆನಪಿಡಬೇಕು.

ದಂತ ಎಂದು ಸಂಶಯ ಬಂದರೆ ಮಾರಲು, ಕೊಳ್ಳಲು ಹೋಗಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1986ರಲ್ಲಿ ತಂದ ತಿದ್ದುಪಡಿಯಿಂದ ಭಾರತದ ಆನೆದಂತದ ವ್ಯಾಪಾರ ನಿಂತಿತು. 1991ರ ತಿದ್ದುಪಡಿಯಿಂದ ಆಫ್ರಿಕದ ದಂತಕ್ಕೂ ಅದೇ ನಿಯಮ ಬಂತು. 'ಅಜ್ಜನ ಕಾಲದ್ದು' ಎಂಬ ಮಾತು ವ್ಯಾಪಾರಕ್ಕೆ ಪರವಾನಗಿ ಆಗುವುದಿಲ್ಲ. ಅರಣ್ಯ ಇಲಾಖೆಯವರನ್ನು ಕೇಳಿಯೇ ಮುಂದುವರಿಯಬೇಕು. ಕೆಲಸಕ್ಕೆ ದಂತ ಬೇಕಾಗಿಯೂ ಇಲ್ಲ. ಇಂದು ಲೋಕದ ದೊಡ್ಡ ಪಿಯಾನೋ ಕಂಪನಿಗಳು ಕೂಡ ಹೊಸ ಪಿಯಾನೋಕ್ಕೆ ಹಾಕುವುದು ಪ್ಲಾಸ್ಟಿಕ್ ಜಾತಿಯ ಹೊದಿಕೆಯನ್ನೇ.

ನಮ್ಮ ಗುಡಿಯ ಪೇಟಿಯ ಹಾಳೆ ಸೆಲ್ಯುಲಾಯ್ಡ್ ಎಂದು ತಿಳಿಯಿತು. ಮಿಸ್ತ್ರಿ ಮೊದಲು ಮಾಡಿದ ಕೆಲಸ, ಬಾಯಲ್ಲಿದ್ದ ಬೀಡಿ ಹೊರಗೆ ಒಗೆದದ್ದು.

ಒಂಬತ್ತು ಸಾಕೋ, ಇಪ್ಪತ್ತೆರಡೂ ಬೇಕೋ?

"ಒಂಬತ್ತು ಹೋಗ್ಯಾವ, ಒಂಬತ್ತ ಹಾಕ್ರಿ. ವರ್ಗಣಿ ರೊಕ್ಕ, ಲೆಕ್ಕ ಕೊಡಬೇಕಾಗ್ತದ" ಎಂದರು ಮಂಡಳಿಯವರು.

ಮಾತು ಸರಿಯೇ. ಆದರೆ ಮಿಸ್ತ್ರಿಯ ಲೆಕ್ಕ ಬೇರೆ. ಹಳೆ ಹಾಳೆ ಸವೆದು ಸುಮಾರು ಒಂದು ಮಿಲಿಮೀಟರ್ ಉಳಿದಿದೆ. ಈಗ ಸಿಗುವ ಅಕ್ರಿಲಿಕ್ ಹಾಳೆ ಎರಡು ಮಿಲಿಮೀಟರ್. ಒಂಬತ್ತಕ್ಕೆ ಮಾತ್ರ ಹಾಕಿದರೆ ಅವು ಮೇಲೆ, ಉಳಿದವು ಕೆಳಗೆ. ಬಣ್ಣದ ಮಾತು ಬಿಟ್ಟರೂ ಬೆರಳು ಪ್ರತಿ ಸಲ ಎಡವುತ್ತದೆ. "ಮುದುಕನ ಬಾಯಾಗ ಒಂಬತ್ತು ಹೊಸ ಹಲ್ಲ ಇಟ್ಟಂಗ. ರೊಟ್ಟಿ ಅಗಿಯೂದು ಹ್ಯಾಂಗ?" ಎಂದು ಮಿಸ್ತ್ರಿ ಕೇಳಿದಾಗ ಮಂಡಳಿಯವರೇ ನಕ್ಕರು. ಕಣ್ಣು ಮಂದಾದ ಅಜ್ಜನ ವಿಷಯ ಹೇಳಿದ ಮೇಲಂತೂ ಬೇರೆ ಮಾತೇ ಬರಲಿಲ್ಲ. ಇಪ್ಪತ್ತೆರಡೂ ಹೊಸದು ಎಂದು ತೀರ್ಮಾನವಾಯಿತು.

ಒಂದೋ ಎರಡೋ ಮಾತ್ರ ಹೋಗಿದ್ದರೆ ಬೇರೆ ದಾರಿ ಇದೆ. ಮೂಲೆಯಲ್ಲಿ ಕಡಿಮೆ ಬಳಸುವ ಪಟ್ಟಿಯ ಹಳೆ ಹಾಳೆ ಬಿಡಿಸಿ ನಡುವಿನದಕ್ಕೆ ಹಾಕಿ, ಹೊಸ ತುಂಡನ್ನು ಮೂಲೆಗೆ ಹಾಕುವುದು. ಬಾರಿಸುವ ಕೈ ಹೆಚ್ಚು ಓಡಾಡುವುದು ನಡುವಿನಲ್ಲೇ. ಅಲ್ಲಿ ಎಲ್ಲ ಒಂದೇ ತರ ಇದ್ದರೆ ಸಾಕು.

ಬಿಡಿಸುವುದೇ ಅರ್ಧ ಕೆಲಸ

ಪಟ್ಟಿ ಹೊರಗೆ ತೆಗೆಯುವ ಮೊದಲು ಪ್ರತಿಯೊಂದರ ಕಟ್ಟಿಗೆಯ ಮೇಲೆ ಅಂಕಿ ಬರೆಯಬೇಕು. ಎಲ್ಲ ಒಂದೇ ತರ ಕಂಡರೂ ಒಂದರ ಜಾಗಕ್ಕೆ ಇನ್ನೊಂದು ಕೂಡುವುದಿಲ್ಲ. ಪ್ರತಿ ಪಟ್ಟಿಯೂ ತನ್ನ ಮೊಳೆ, ತನ್ನ ಸ್ಪ್ರಿಂಗಿಗೆ ಹೊಂದಿಕೊಂಡೇ ಇಷ್ಟು ವರ್ಷ ಸವೆದಿರುತ್ತದೆ. ಅಂಕಿ ಬರೆಯದೆ ಎಲ್ಲವನ್ನೂ ಬುಟ್ಟಿಗೆ ಸುರುವಿದವರು ಆಮೇಲೆ ವಾರಗಟ್ಟಲೆ ಒದ್ದಾಡುತ್ತಾರೆ.

ಮಿಸ್ತ್ರಿ ಪೆನ್ಸಿಲ್ ತೆಗೆದು ಬರೆಯಲು ಹೋದರೆ ಹಿಂಭಾಗದ ಕಟ್ಟಿಗೆಯ ಮೇಲೆ ಅಂಕಿ ಮೊದಲೇ ಇದ್ದವು. ಮಾಸಿದ ಪೆನ್ಸಿಲ್, ಆದರೆ ಓದಲು ಬರುತ್ತಿತ್ತು: ೧ ರಿಂದ ೩೭ರ ತನಕ, ಕನ್ನಡದ ಅಂಕಿ. ಯಾವ ಕಾಲದಲ್ಲಿ ಯಾವ ಮಿಸ್ತ್ರಿ ಬರೆದನೋ! "ನಮ್ಮಕಿಂತ ಮೊದಲು ನಮ್ಮಾವ್ರs ಯಾರೋ ಕೈ ಹಚ್ಯಾರ" ಎಂದು ಮಿಸ್ತ್ರಿ ಅವನ್ನು ಅಳಿಸದೆ ಹಾಗೆಯೇ ಬಿಟ್ಟರು.

ದಂತದ ಹಾಳೆಯನ್ನು ಬಿಡಿಸಲು ಪಿಯಾನೋ ಮಿಸ್ತ್ರಿಗಳು ಹದವಾದ ಬಿಸಿ, ತೇವ ಕೊಡುತ್ತಾರೆ. ಒಳಗಿನ ಸರಸು ಮೆತ್ತಗಾಗಿ ಹಾಳೆ ಏಳುತ್ತದೆ. ಸರಸು ಎಂದರೆ ಬಡಿಗರು ಕಾಯಿಸಿ ಹಚ್ಚುತ್ತಿದ್ದ ಚರ್ಮ-ಎಲುಬಿನ ಅಂಟು. ಸೆಲ್ಯುಲಾಯ್ಡಿಗೆ ಬಿಸಿ ಇಸ್ತ್ರಿ ಹತ್ತಿರವೂ ತರುವಂತಿಲ್ಲ. ತೆಳುವಾದ ಬ್ಲೇಡಿನಂಥ ಪಟ್ಟಿಯನ್ನು ಹಿಂದಿನ ತುದಿಯಿಂದ ತೂರಿಸಿ, ಸ್ವಲ್ಪ ಸ್ವಲ್ಪವೇ ಸರಿಸುತ್ತ ಏಳಿಸಬೇಕು. ಅವಸರ ಮಾಡಿದರೆ ಹಾಳೆಯ ಜೊತೆ ಕಟ್ಟಿಗೆಯ ಚಕ್ಕೆಯೂ ಎದ್ದು ಬರುತ್ತದೆ. ಬಿಡಿಸಿದ ತುಂಡುಗಳನ್ನು ಒಲೆಗೆ, ಕಸದ ಬೆಂಕಿಗೆ ಹಾಕಬಾರದು.

ಕ್ಷಣದಂಟು ಸುರಿದಿದ್ದ ಎರಡು ಪಟ್ಟಿಗಳೇ ಇಲ್ಲಿ ಹೆಚ್ಚು ಸತಾಯಿಸಿದವು. ಅವನ್ನು ಬೇರ್ಪಡಿಸಲು ಅರ್ಧ ದಿನ ಹಿಡಿಯಿತು. ಒಂದರ ಅಂಚು ಒಡೆದು, ಅದಕ್ಕೆ ಬೇರೆ ಕಟ್ಟಿಗೆಯ ತೇಪೆ ಹಾಕಬೇಕಾಯಿತು.

ಒಂದು ಮಿಲಿಮೀಟರಿನ ಮಹತ್ವ

ಹಾಳೆ ಎದ್ದ ಮೇಲೆ ಕಟ್ಟಿಗೆ ಕಾಣುತ್ತದೆ: ಹಳೆ ಅಂಟು, ಉಗುರಿನ ಗುಳಿ, ಹೊಲಸು. ಮೊದಲು ಗುಳಿ ತುಂಬಿ ಒಣಗಿಸಬೇಕು. ಆಮೇಲೆ ಸಪಾಟಾದ ಹಲಗೆಗೆ ಮರಳು ಕಾಗದ ಅಂಟಿಸಿ ಅದರ ಮೇಲೆ ಪಟ್ಟಿಯನ್ನೇ ತಿಕ್ಕಬೇಕು. ಕಾಗದವನ್ನು ಕೈಯಲ್ಲಿ ಹಿಡಿದು ತಿಕ್ಕಿದರೆ ಅಂಚು ಉರುಟಾಗಿ, ಹಾಳೆ ನಡುವೆ ಮಾತ್ರ ಕೂತು ತುದಿಯಲ್ಲಿ ಏಳುತ್ತದೆ.

ಎಷ್ಟು ತಿಕ್ಕಬೇಕು? ಹಳೆ ಹಾಳೆ ಒಂದು ಮಿಲಿಮೀಟರ್, ಹೊಸದು ಎರಡು. ಹಾಗಾದರೆ ಕಟ್ಟಿಗೆ ಒಂದು ಮಿಲಿಮೀಟರ್ ಇಳಿಯಬೇಕು. ಇಳಿಸದೆ ಅಂಟಿಸಿದರೆ ಬಿಳಿ ಪಟ್ಟಿಯ ಮಟ್ಟ ಏರಿ, ಕರಿ ಪಟ್ಟಿ ಗಿಡ್ಡವಾಗುತ್ತದೆ. ಕರಿ ಪಟ್ಟಿಗೆ ಹೋಗಬೇಕಾದ ಬೆರಳು ಪಕ್ಕದ ಬಿಳಿಯನ್ನೂ ಒತ್ತುತ್ತದೆ.

ತೂಕದ ಮಾತೂ ಇದೆ. ಪೇಟಿಯ ಪಟ್ಟಿ ತಕ್ಕಡಿಯ ದಂಡಿಗೆಯಂತೆ. ಮುಂದೆ ಒತ್ತಿದರೆ ಹಿಂದಿನ ತುದಿ ಏಳುತ್ತದೆ, ಅದರಡಿಯ ತೂತು ತೆರೆದು ಗಾಳಿ ರೀಡಿಗೆ ಹೋಗುತ್ತದೆ. ಕೈ ಬಿಟ್ಟರೆ ಸ್ಪ್ರಿಂಗು ಹಿಂದಿನ ತುದಿಯನ್ನು ಒತ್ತಿ ತೂತು ಮುಚ್ಚುತ್ತದೆ. ದಪ್ಪ ಹಾಳೆ ಹಾಕಿ ಮುಂದಿನ ತೂಕ ಏರಿಸಿದರೆ ಸೋತ ಸ್ಪ್ರಿಂಗು ಅದನ್ನು ತಡೆಯಲಾರದು. ತೂತು ಪೂರ್ಣ ಮುಚ್ಚದೆ, ಯಾರೂ ಒತ್ತದಿದ್ದರೂ ಸ್ವರ ಸಣ್ಣಗೆ ಕೂಗುತ್ತಲೇ ಇರುತ್ತದೆ. "ಹೊಸ ಪಟ್ಟಿ ಹಾಕ್ಸಿದ್ಮ್ಯಾಲ ಪೇಟಿ ತಾನs ಅಳ್ತದ" ಎಂಬ ದೂರಿಗೆ ಹಲವು ಸಲ ಇದೇ ಕಾರಣ. ಆಗ ತಪ್ಪು ರೀಡಿನದಲ್ಲ, ಹೊದಿಕೆಯದು.

ಅಂಟು, ಕಾನಸು, ಹೊಳಪು

ಅಕ್ರಿಲಿಕ್ ಹಾಳೆಯನ್ನು ಪಟ್ಟಿಗಿಂತ ಸ್ವಲ್ಪ ದೊಡ್ಡದಾಗಿಯೇ ಕತ್ತರಿಸುತ್ತಾರೆ. ಸಣ್ಣ ಹಲ್ಲಿನ ಗರಗಸ ಬೇಕು; ಜೋರಾಗಿ ಎಳೆದರೆ ಬಿಸಿಗೆ ಅಂಚು ಕರಗಿ ಗಂಟಾಗುತ್ತದೆ. ಅಂಟುವ ಬದಿಯನ್ನು ಮರಳು ಕಾಗದದಿಂದ ಸ್ವಲ್ಪ ಒರಟು ಮಾಡಬೇಕು, ಇಲ್ಲದಿದ್ದರೆ ಅಂಟು ಹಿಡಿಯುವುದಿಲ್ಲ. ಕಟ್ಟಿಗೆಗೆ ಕಟ್ಟಿಗೆ ಹಚ್ಚುವ ಬಿಳಿ ಅಂಟು ನುಣುಪು ಪ್ಲಾಸ್ಟಿಕ್ಕಿಗೆ ಗಟ್ಟಿಯಾಗಿ ನಿಲ್ಲುವುದಿಲ್ಲ. ರಬ್ಬರಿನ ಅಂಟನ್ನು ಎರಡೂ ಬದಿಗೆ ತೆಳುವಾಗಿ ಹಚ್ಚಿ, ಕೈಗೆ ಹತ್ತದಷ್ಟು ಆರಿದ ಮೇಲೆ ಕೂಡಿಸಬೇಕು. ಇಟ್ಟ ಮೇಲೆ ಸರಿಸಲು ಬರುವುದಿಲ್ಲ, ಆದ್ದರಿಂದ ಮೊದಲೇ ಗುರುತು ಬೇಕು. ಮೇಲೊಂದು ಹಲಗೆ ಇಟ್ಟು ಬಿಗಿದು ರಾತ್ರಿ ಇಡೀ ಬಿಡುತ್ತಾರೆ.

ಬೆಳ್ಳಗಿನ ಹಾಳೆ ತೆಳುವಾಗಿದ್ದರೆ ಒಳಗಿನ ಕಟ್ಟಿಗೆಯ ಕಲೆ ಹೊರಗೆ ಕಾಣುತ್ತದೆ. ದಂತದ ಕಾಲದಲ್ಲಿ ಇದಕ್ಕೆಂದೇ ಹಾಳೆಯ ಕೆಳಗೆ ಬಿಳಿ ಅರಿವೆ ಹಾಕುತ್ತಿದ್ದರು. ಈಗ ಒಳಬದಿಗೆ ಬಿಳಿ ಬಣ್ಣದ ಕೈ ಕೊಟ್ಟರೂ ನಡೆಯುತ್ತದೆ, ಅದು ಪೂರ್ತಿ ಒಣಗಿರಬೇಕು ಅಷ್ಟೇ.

ಮರುದಿನ ಕಾನಸಿನ ಕೆಲಸ. ಅಂಚನ್ನು ಕಟ್ಟಿಗೆಯ ಮಟ್ಟಕ್ಕೆ ತರುವುದು, ಕರಿ ಪಟ್ಟಿ ಕೂಡುವ ಕಡೆ ಕಚ್ಚು ತೆಗೆಯುವುದು, ಮುಂದಿನ ತುದಿಯನ್ನು ಬೆರಳಿಗೆ ಚುಚ್ಚದಂತೆ ಉರುಟು ಮಾಡುವುದು. ಕಾನಸು ಮೇಲಿನಿಂದ ಕೆಳಗೆ ಮಾತ್ರ ಓಡಬೇಕು. ಕೆಳಗಿನಿಂದ ಮೇಲೆ ಎಳೆದರೆ ಹಾಳೆ ಏಳುತ್ತದೆ. ಎರಡು ಪಟ್ಟಿಗಳ ನಡುವೆ ಒಂದು ಪೋಸ್ಟ್‌ಕಾರ್ಡು ಸಲೀಸಾಗಿ ಹೋಗುವಷ್ಟು ಜಾಗ ಇರಬೇಕು. ಸೋಲಾಪುರದ ಬೇಸಿಗೆಯಲ್ಲಿ ಕಟ್ಟಿಗೆ ಒಣಗಿ ಜಾಗ ಹೆಚ್ಚಾಗಿ ಕಾಣುತ್ತದೆ. ಅದನ್ನು ನೋಡಿ ಬಿಗಿ ಮಾಡಿದರೆ ಮಳೆಗಾಲದಲ್ಲಿ ಕಟ್ಟಿಗೆ ಉಬ್ಬಿ ಪಟ್ಟಿಗಳು ಒಂದಕ್ಕೊಂದು ಹಿಡಿದುಕೊಳ್ಳುತ್ತವೆ.

ಹೊಳಪಿಗೆ ನೀರು ಹಚ್ಚಿ ತಿಕ್ಕುವ ಕಾಗದ: 400ರಿಂದ ಶುರು, ಆಮೇಲೆ 600, 800, 1000, 1500. ಒಂದನ್ನೂ ಬಿಟ್ಟು ಮುಂದೆ ಹೋಗಬಾರದು. ಹಿಂದಿನ ಗೀರು ಹೋಗದೆ ಉಳಿಯುತ್ತದೆ. ನೀರು ಕಟ್ಟಿಗೆಗೆ ಇಳಿಯದಂತೆ ಒದ್ದೆ ಮಾತ್ರ ಇರಬೇಕು. ಕೊನೆಗೆ ಹಳೆ ಧೋತರದ ಮೆತ್ತನೆ ಅರಿವೆಗೆ ಪಾಲಿಶ್ ಹಚ್ಚಿ ಕೈಯಿಂದ ಉಜ್ಜುವುದು. ಮಷಿನ್ನಿಗೆ ಹಿಡಿದರೆ ಬೇಗ ಆಗುತ್ತದೆ ನಿಜ, ಆದರೆ ಒಂದು ಕಡೆ ಹೆಚ್ಚು ಹೊತ್ತು ನಿಂತರೆ ಬಿಸಿಗೆ ಹಾಳೆ ಮೆತ್ತಗಾಗಿ ಅಲೆ ಬೀಳುತ್ತದೆ.

ಕರಿ ಪಟ್ಟಿಗೆ ಇಷ್ಟು ಕೆಲಸ ಇಲ್ಲ. ಅವು ಬಹಳ ಕಡೆ ಕರಿ ಬಣ್ಣ ಕೊಟ್ಟ ಗಟ್ಟಿ ಕಟ್ಟಿಗೆ. ಹೊಲಸು ತೆಗೆದು, ಬಣ್ಣ ಹೋದಲ್ಲಿ ಕಟ್ಟಿಗೆ ಹೀರುವಂಥ ಕರಿ ಬಣ್ಣ ಕೊಟ್ಟು, ತೆಳುವಾಗಿ ಲಾಖಿನ ಪಾಲಿಶ್ ಎಳೆದರೆ ಸಾಕು. ಬಾಗಿಲಿಗೆ ಬಳಿಯುವ ಎಣ್ಣೆ ಬಣ್ಣ ಬಳಿದರೆ ಬೆವರಿಗೆ ಅಂಟಂಟಾಗಿ ಬೆರಳಿಗೆ ಹತ್ತುತ್ತದೆ, ದಪ್ಪವಾಗಿ ಪಕ್ಕದ ಬಿಳಿಗೂ ತಾಗುತ್ತದೆ.

ಕಸುಬು ಬಲ್ಲವರು ಬೇಕು

ಮಿರಜದ ಸಿತಾರ, ತಂಬೂರಿಗೆ ದೊಡ್ಡ ಹೆಸರಿದೆ. 2024ರಲ್ಲಿ ಅವಕ್ಕೆ ಜಿ.ಐ. ಮಾನ್ಯತೆಯೂ ಸಿಕ್ಕಿತು. ಮಂಗಳವೇಢೆ-ಪಂಢರಪುರ ಭಾಗದ ಕುಂಬಳ ಅದಕ್ಕೆ ಬುರುಡೆಯಾಗುತ್ತದೆ. ಪೇಟಿಯ ಪಟ್ಟಿ ಕೂಡಿಸುವ ಕೈಗೆ ಅಂಥ ಹೆಸರಿಲ್ಲ. ಬಡಿಗನ ಅಳತೆ, ಅಕ್ಕಸಾಲಿಗನ ಕಾನಸು, ಹಾಡುವವನ ಕಿವಿ ಮೂರೂ ಒಬ್ಬನಲ್ಲಿಯೇ ಇರಬೇಕಾದ ಕೆಲಸ ಇದು. ಗಿರಾಕಿ ಹೊಸ ಪೇಟಿಗೆ ಹೋದಷ್ಟೂ ಈ ಕೈಗೆ ಕೆಲಸ ಕಡಿಮೆ. ಕೆಲಸ ಕಡಿಮೆಯಾದರೆ ಕಲಿಯಲು ಹುಡುಗರೂ ಬರುವುದಿಲ್ಲ.

ಮಂಡಳಿಯವರೂ ಕೆಲವು ಸಂಗತಿ ನೆನಪಿಟ್ಟರೆ ಹೊದಿಕೆ ಹೆಚ್ಚು ಕಾಲ ಬಾಳುತ್ತದೆ:

ಬಾರಿಸುವ ಮೊದಲು ಕೈ ತೊಳೆದು ಒರೆಸಿಕೊಳ್ಳಬೇಕು. ಭಂಡಾರ, ಕುಂಕುಮವನ್ನು ಪೇಟಿಯ ಕವಚಕ್ಕೆ ಹಚ್ಚಿ ಪೂಜಿಸಿದರೆ ಸಾಕು, ಪಟ್ಟಿಗೆ ಬೇಡ.

ಹೊಲಸಾದರೆ ಹಿಂಡಿದ ಒದ್ದೆ ಅರಿವೆ, ಬೇಕಾದರೆ ಒಂದು ಹನಿ ಸಾಬೂನು. ಥಿನ್ನರ್, ಉಗುರು ಬಣ್ಣ ತೆಗೆಯುವ ದ್ರವ ಮುಟ್ಟಿಸಿದರೆ ಹಾಳೆಯೇ ಕರಗುತ್ತದೆ.

ಒಂದು ಹಾಳೆ ಎದ್ದರೆ ಆ ತುಂಡನ್ನು ಕಳೆಯದೆ ಕಾಗದದಲ್ಲಿ ಸುತ್ತಿ ಪೇಟಿಯ ಜೊತೆಗೇ ಇಡಬೇಕು. ಕ್ಷಣದಂಟು ಸುರಿಯಬಾರದು.

ರಿಪೇರಿಗೆ ಕೊಡುವಾಗ ಮಿಸ್ತ್ರಿಗೆ ಎರಡು ಪ್ರಶ್ನೆ ಕೇಳಬೇಕು: ಹಳೆ ಹಾಳೆ ಯಾವುದು, ಹೊಸ ಹಾಳೆ ಎಷ್ಟು ದಪ್ಪ. ಎರಡಕ್ಕೂ ಉತ್ತರ ಕೊಟ್ಟವರ ಕೈಗೆ ಪೇಟಿ ಕೊಡಬಹುದು.

ಅಜ್ಜನ ಬೆರಳಿನ ಪರೀಕ್ಷೆ

ಹತ್ತು ದಿನದ ಮೇಲೆ ಪೇಟಿ ಗುಡಿಗೆ ಮರಳಿತು. ಹುಡುಗರು ಹೊಳಪು ನೋಡಿ ಮೊಬೈಲಿನಲ್ಲಿ ಫೋಟೋ ಹೊಡೆದರು. ಅಜ್ಜ ಅದೇನನ್ನೂ ನೋಡಲಿಲ್ಲ. ಎಡಗೈಯಿಂದ ಭಾತಾ ತೆಗೆದು, ಬಲಗೈಯ ಬೆರಳನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನಕ್ಕೆ ಸರಿಸಿದರು. ಇಪ್ಪತ್ತೆರಡು ಬಿಳಿ, ಎಲ್ಲಿಯೂ ಕೈ ತಡೆಯಲಿಲ್ಲ. ಒಂದು ಕಡೆ ಮಾತ್ರ ನಿಂತು, "ಇಲ್ಲೊಂದು ತುಸು ಬಿಗಿ ಅದ ನೋಡು" ಎಂದರು. ಮಿಸ್ತ್ರಿ ತೇಪೆ ಹಾಕಿದ್ದ ಅದೇ ಪಟ್ಟಿ!

"ನಾಕು ದಿನ ಬಾರಿಸ್ರಿ ಅಜ್ಜಾ, ಹಾದಿಗೆ ಬರ್ತದ. ಬರಲಿಲ್ಲಂದ್ರ ನಾನs ಬರ್ತೀನಿ" ಎಂದರು ಮಿಸ್ತ್ರಿ. ವರ್ಗಣಿಯ ಲೆಕ್ಕದ ವಹಿಯಲ್ಲಿ ಖರ್ಚು ಬರೆದುಕೊಂಡರು. ಹಳೆ ಹಾಳೆಗಳನ್ನು ಒಂದು ತಗಡಿನ ಡಬ್ಬಿಯಲ್ಲಿ ಹಾಕಿ, ದೀಪದಿಂದ ದೂರ, ಮೇಲಿನ ಗೂಡಿನಲ್ಲಿಟ್ಟರು.

ಸೋಮವಾರ ರಾತ್ರಿ ಎಂದಿನಂತೆ ಭಜನೆ ನಡೆಯಿತು. ನಡುವೆ ಎಲ್ಲಿಯೂ ಪೇಟಿ ನಿಲ್ಲಲಿಲ್ಲ.